ಸಾಲುಧೂಪ, ಬೋಗಿ ಸಸಿಗಳಿಗೆ ಒಂದೇ ಬೇರುಶಿಲೀಂಧ್ರ ಸಾಲದು

ಸಾಲುಧೂಪ, ಬೋಗಿ ಮುಂತಾದ ಪಶ್ಚಿಮಘಟ್ಟದ ಮರಗಳ ಎಳೆಬೇರುಗಳನ್ನು ಹೊದಿಕೆಯಂತೆ ಸುತ್ತಿಕೊಂಡು ಬದುಕುವ ಶಿಲೀಂಧ್ರಗಳು ಸಸಿಗೆ ರಂಜಕ, ಸಾರಜನಕ ಹಾಗೂ ನೀರನ್ನು ಒದಗಿಸಿ, ಪ್ರತಿಯಾಗಿ ಸಕ್ಕರೆಯನ್ನು ಪಡೆಯುತ್ತವೆ. ಕರಾವಳಿಯವರು ಮಳೆಗಾಲದ ಆರಂಭದಲ್ಲಿ ಆಸೆಯಿಂದ ಹೆಕ್ಕುವ ಕಲ್ಲಣಬೆಯೂ ಇದೇ ಗುಂಪಿಗೆ ಸೇರಿದೆ. ಕೆಲವು ಪ್ರಭೇದಗಳು ಕೊಳೆಯುವ ತರಗೆಲೆಯಿಂದ ಪೋಷಕಾಂಶವನ್ನು ಬಿಡಿಸಿಕೊಳ್ಳುವಲ್ಲಿ ಸಮರ್ಥವಾದರೆ, ಇನ್ನು ಕೆಲವು ದೂರದ ಮಣ್ಣಿನವರೆಗೂ ಎಳೆಗಳನ್ನು ಚಾಚುತ್ತವೆ. ಆದ್ದರಿಂದ ಅವುಗಳ ವೈವಿಧ್ಯಕ್ಕೆ ಬೆಲೆಯಿದೆ. 2001ರಲ್ಲಿ ಪ್ರಕಟವಾದ ಬರ್ಚ್ ಎಂಬ ಶೀತಪ್ರದೇಶದ ಮರದ ಸಸಿಗಳ ಪ್ರಯೋಗಗಳಲ್ಲಿ ಹಲವು ಪ್ರಭೇದಗಳ ಜೊತೆ ಬೆಳೆದ ಸಸಿಗಳಿಗೆ ಅನುಕೂಲ ಕಂಡುಬಂದಿತ್ತು, ಆದರೆ ಫಲವತ್ತಾದ ಮಣ್ಣಿನಲ್ಲಿ ಈ ಲಾಭ ಖಚಿತವಲ್ಲ.

ಹಾಗಾಗಿ ನರ್ಸರಿ ಮಾಡುವವರು ತಮ್ಮದೇ ಜಮೀನಿನಲ್ಲಿರುವ ಇದೇ ಜಾತಿಯ ಮೂರು-ನಾಲ್ಕು ಆರೋಗ್ಯವಂತ ದೊಡ್ಡ ಮರಗಳ ಬುಡದಿಂದ, ತರಗೆಲೆಯ ಕೆಳಗಿನ ಮೇಲ್ಮಣ್ಣನ್ನು ಎಳೆಬೇರಿನ ಚೂರುಗಳ ಸಮೇತ ತೆಗೆದು, ಒಣಗಲು ಬಿಡದೆ, ಹತ್ತು ಪಾಲು ಪಾಟಿಂಗ್ ಮಿಶ್ರಣಕ್ಕೆ (ಸಸಿಯ ಚೀಲಕ್ಕೆ ತುಂಬುವ ಮಣ್ಣಿನ ಮಿಶ್ರಣಕ್ಕೆ) ಒಂದು ಪಾಲಿನಂತೆ ಬೆರೆಸಬೇಕೆಂದು ನನ್ನ ಒತ್ತಾಯ. ರಂಜಕದ ಗೊಬ್ಬರವನ್ನು ಹೆಚ್ಚು ಹಾಕಬಾರದು. ಶಿಲೀಂಧ್ರನಾಶಕವನ್ನು ಅನಿವಾರ್ಯವಲ್ಲದೆ ಸುರಿಯಬಾರದು. ಕೆಲವು ತಿಂಗಳ ಬಳಿಕ ಒಂದು ಸಸಿಯ ಬೇರನ್ನು ತೊಳೆದು ಮಸೂರದಡಿ ನೋಡಿರಿ: ತುದಿಗಳು ಮೊಂಡಾಗಿ ಉಬ್ಬಿ, ಬಿಳಿ, ಕಂದು, ಹಳದಿ ಹೀಗೆ ಬೇರೆ ಬೇರೆ ಬಣ್ಣದ ಹೊದಿಕೆ ಕಂಡರೆ ಹಲವು ಪ್ರಭೇದಗಳು ನೆಲೆಸಿರುವ ಸಾಧ್ಯತೆ ಹೆಚ್ಚು. ಅಡಿಕೆ, ತೆಂಗು, ಮಾವಿಗೆ ಈ ಕ್ರಮ ಅನ್ವಯಿಸದು. ಅವುಗಳ ಬೇರಿನ ಸಂಗಾತಿ ಶಿಲೀಂಧ್ರಗಳ ಗುಂಪೇ ಬೇರೆ.