ಬದುವಿನ ಬಾರಿ, ಹಿತ್ತಲ ಬಾರಿ, ಮಾರ್ಕೆಟ್ಟಿನ ಬಾರಿ

ಎಳ್ಳಮವಾಸ್ಯೆಗೆ ಇನ್ನೂ ಎಂಟು ದಿನ ಇರುವಾಗಲೇ ಕಲಬುರಗಿಯ ಕಣ್ಣಿ ಮಾರ್ಕೆಟ್ಟಿಗೆ ಬಾರಿ ಹಣ್ಣಿನ ಬುಟ್ಟಿಗಳು ಬಂದು ಕೂರುತ್ತವೆ. ಬೆಂಗಳೂರು, ಮೈಸೂರು ಕಡೆಯವರು ಎಲಚಿ ಎಂದೂ ಬೋರೆ ಎಂದೂ ಕರೆಯುವ ಹಣ್ಣೇ ನಮ್ಮಲ್ಲಿ ಬಾರಿ. ಒಬ್ಬಳ ಬುಟ್ಟಿಯಲ್ಲಿ ಗೋಲಿ ಗಾತ್ರದ ಕೆಂಪು ಹಣ್ಣು, ಪಕ್ಕದ ತಳ್ಳುಗಾಡಿಯಲ್ಲಿ ನುಣ್ಣಗೆ ಹೊಳೆಯುವ ಹಸಿರು ಆಪಲ್ ಬಾರಿ. "ಯಾವುದು ಕೊಳ್ಳಲಿ, ಕಾಕು?" ಎಂದು ನಮ್ಮ ಓಣಿಯ ಹೊಸ ಸೊಸೆಯಂದಿರು ಕೇಳುತ್ತಾರೆ. ಏನು ಮಾಡಬೇಕೆಂದಿದ್ದೀಯ, ಅದನ್ನು ಮೊದಲು ಹೇಳು ಎನ್ನುತ್ತೇನೆ. ಹೊಲದ ಬದುವಿನ ಮುಳ್ಳುಬಾರಿ ಕುಟ್ಟಿ ಇಡುವುದಕ್ಕೆ, ಹಿತ್ತಲ ಜವಾರಿ ಬಾರಿ ಬಾಯಿಗೂ ಎಳ್ಳಮವಾಸ್ಯೆಯ ಕಾಳು-ಸೊಪ್ಪಿನ ಭಜ್ಜಿಗೂ, ಆಪಲ್ ಬಾರಿ ಹೆಚ್ಚಿ ತಿನ್ನುವುದಕ್ಕೆ. ಇದು ತಿಳಿಯದೆ ಆಪಲ್ ಬಾರಿಯಿಂದ ಚಿಗಳಿ, ಅಂದರೆ ಬೆಲ್ಲ ಖಾರ ಸೇರಿಸಿ ಕುಟ್ಟಿ ಒಣಗಿಸಿದ ಬಿಲ್ಲೆ, ಮಾಡಲು ಹೋಗಿ ನೀರು ನೀರಾದ ಮುದ್ದೆಯನ್ನು ಚೆಲ್ಲಿದವರನ್ನು ನೋಡಿ ನನಗೆ ಸಂಕಟವಾಗಿದೆ.

ಆಪಲ್ ಬಾರಿಯ ಮಾತನ್ನು ಬೇಗ ಮುಗಿಸುತ್ತೇನೆ. ತಿಳಿ ಹಸಿರು ಬಣ್ಣವಿದ್ದು, ಒತ್ತಿದರೆ ಗಟ್ಟಿಯಾಗಿರಬೇಕು. ಹಳದಿಗೆ ತಿರುಗಿ ಅಲ್ಲಲ್ಲಿ ಕಂದು ಬಿದ್ದದ್ದು ಒಳಗೆ ಹತ್ತಿಯಂತೆ ಬೆಂಡಾಗಿರುತ್ತದೆ, ಕೊಳ್ಳಬೇಡಿ. ಮನೆಗೆ ತಂದ ಕೂಡಲೇ ತೊಳೆಯದೆ ಬಟ್ಟೆಯ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಗರಿಗರಿಯಾಗಿರುತ್ತದೆ. ತಿನ್ನುವ ಹೊತ್ತಿಗೆ ತೊಳೆದು, ಹೋಳು ಮಾಡಿ, ಉಪ್ಪು ಖಾರ ಉದುರಿಸಿ. ಅದರ ಕೆಲಸ ಅಷ್ಟೇ.

ಜವಾರಿ ಹಣ್ಣನ್ನು ಆರಿಸುವಾಗ ಮಾತ್ರ ಕಣ್ಣು ಚುರುಕಾಗಿರಬೇಕು. ಹೊಳಪಿರುವ ಹಣ್ಣು ಹುಳಿ. ಸಿಪ್ಪೆ ಸ್ವಲ್ಪ ಸುಕ್ಕುಗಟ್ಟಿ ಇಟ್ಟಿಗೆಯ ಬಣ್ಣಕ್ಕೆ ಬಂದದ್ದು ಸಿಹಿ. ತೊಟ್ಟಿನ ಹತ್ತಿರ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆ ಇದ್ದು, ಅದರ ಸುತ್ತ ಬೆರಳಿಗೆ ಮೆತ್ತಗೆ ತಗ್ಗು ಸಿಕ್ಕರೆ ಒಳಗೆ ಹುಳು ಇದೆಯೆಂದೇ ತಿಳಿಯಿರಿ. ಬಿಡಿಸಿ ನೋಡಿ: ಬೀಜದ ಸುತ್ತ ಕಾಫಿಪುಡಿಯಂತೆ ಕಂದು ಹಿಕ್ಕೆ, ನಡುವೆ ಅಕ್ಕಿನುಚ್ಚಿನಷ್ಟು ಬಿಳಿ ಹುಳು. ಹಣ್ಣುನೊಣ ಕಾಯಿಯಲ್ಲೇ ಮೊಟ್ಟೆ ಇಟ್ಟು ಹೋಗಿರುತ್ತದೆ, ಆದ್ದರಿಂದ ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ನಾನು ಅಗಲ ಪಾತ್ರೆಯಲ್ಲಿ ಉಪ್ಪುನೀರು ಮಾಡಿ ಹಣ್ಣನ್ನು ಕಾಲು ಗಂಟೆ ಬಿಡುತ್ತೇನೆ. ತೇಲಿದವನ್ನು ತೆಗೆದು ಬಿಡಿಸಿ ನೋಡುತ್ತೇನೆ. ಮಕ್ಕಳಿಗೆ ಕೊಡುವ ಹಣ್ಣನ್ನಂತೂ ಒಂದೊಂದನ್ನೂ ಬಿಡಿಸಿಯೇ ಕೊಡಿ. ಖಾಲಿ ಹೊಟ್ಟೆಯಲ್ಲಿ ಬೊಗಸೆಗಟ್ಟಲೆ ತಿನ್ನಲು ಬಿಡಬೇಡಿ, ರಾತ್ರಿ ಹೊಟ್ಟೆ ನೋವೆಂದು ಅಳುವ ಮಗುವನ್ನು ಸಮಾಧಾನ ಮಾಡುವುದು ಕಷ್ಟ.

ಎಳ್ಳಮವಾಸ್ಯೆಯ ಭಜ್ಜಿಗೆ ನಮ್ಮ ಮನೆಯಲ್ಲಿ ಅರೆಹಣ್ಣಾದ ಬಾರಿ ಬೇಕೇ ಬೇಕು. ಹಸಿ ಕಡಲೆ, ತೊಗರಿ ಕಾಳು, ಮೆಂತ್ಯೆ, ಪಾಲಕ್ ಎಲ್ಲ ಬೆಂದು ಮೆತ್ತಗಾದ ಮೇಲೆ, ಒಲೆಯಿಂದ ಇಳಿಸಲು ಹತ್ತು ನಿಮಿಷವಿರುವಾಗ ಹಾಕುತ್ತೇನೆ. ಮೊದಲೇ ಹಾಕಿದರೆ ಅದರ ಹುಳಿಗೆ ಕಾಳು ಬೇಯುವುದಿಲ್ಲ. ಬಾರಿ ಹಾಕಿದ ದಿನ ಹುಣಸೆಹಣ್ಣನ್ನು ಅರ್ಧಕ್ಕೆ ಇಳಿಸಿ. ಹೊಲದಲ್ಲಿ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ ಬಂದು ಸಜ್ಜೆ ರೊಟ್ಟಿಯೊಂದಿಗೆ ಆ ಭಜ್ಜಿ ಉಣ್ಣುವಾಗ, ಬಾಯಿಗೆ ಸಿಕ್ಕ ಬಾರಿಯನ್ನು ಚೀಪುತ್ತಾ ಕೂರುವ ಸುಖಕ್ಕೆ ನಾನು ವರ್ಷವೆಲ್ಲ ಕಾಯುತ್ತೇನೆ.

ಸಂಕ್ರಾಂತಿಗೆ ಪುಟ್ಟ ಮಕ್ಕಳ ತಲೆಯ ಮೇಲೆ ಬಾರಿ ಎರೆಯುವ ಮನೆಗಳಲ್ಲಿ ಒಂದು ಎಚ್ಚರ ಇರಲಿ. ಕಬ್ಬಿನ ತುಂಡು, ಚಿಲ್ಲರೆ ಕಾಸು, ಹೂವಿನ ಜೊತೆಗೆ ಹಾಕಲು ಅತಿ ಸಣ್ಣ, ಕಳಿತ ಹಣ್ಣನ್ನೇ ಆರಿಸಿ. ಹೋದ ವರ್ಷ ನೆಂಟರ ಮನೆಯಲ್ಲಿ ಚೆಂದ ಕಾಣಲೆಂದು ಆಪಲ್ ಬಾರಿ ಸೇರಿಸಿದ್ದರು. ಎಂಟು ತಿಂಗಳ ಕೂಸಿನ ಹಣೆಗೆ ಬಿದ್ದು, ಅದು ಬಿಕ್ಕಿ ಬಿಕ್ಕಿ ಅತ್ತದ್ದು ಇನ್ನೂ ನನ್ನ ಕಣ್ಣ ಮುಂದಿದೆ. ಎರೆದ ಮೇಲೆ ನೆಲದ ಮೇಲಿನ ಹಣ್ಣನ್ನೆಲ್ಲ ಕೂಡಲೇ ಬಾಚಿಕೊಳ್ಳಿ, ಕೂಸುಗಳು ಬೀಜವನ್ನು ನುಂಗಿ ಗಂಟಲಿಗೆ ಸಿಕ್ಕಿಸಿಕೊಳ್ಳುತ್ತವೆ.

ಇನ್ನು ನನ್ನ ಪ್ರೀತಿಯ ಮುಳ್ಳುಬಾರಿ. ಎರೆ ಹೊಲದ ಬದುವಿನಲ್ಲಿ ಮೊಣಕಾಲೆತ್ತರ, ಸೊಂಟದೆತ್ತರ ಬೆಳೆಯುವ ಪೊದೆ. ಹಣ್ಣು ಕಡಲೆಗಿಂತ ತುಸು ದೊಡ್ಡದು, ಬೀಜವೇ ಹೆಚ್ಚು. ಆದರೆ ಆ ತೆಳು ತಿರುಳಿನಲ್ಲಿರುವ ಹುಳಿ ಸಿಹಿ ಯಾವ ತೋಟದ ಹಣ್ಣಿಗೂ ಬರುವುದಿಲ್ಲ. ಕೈಯಿಂದ ಬಿಡಿಸಲು ಹೋಗಬೇಡಿ, ಕೊಕ್ಕೆಯಂತೆ ಬಾಗಿದ ಮುಳ್ಳು ಚರ್ಮ ಹರಿಯುತ್ತದೆ. ಪೊದೆಯ ಕೆಳಗೆ ಹಳೆಯ ಸೀರೆ ಹಾಸಿ, ಕೋಲಿನಿಂದ ಮೆಲ್ಲಗೆ ತಟ್ಟಿ. ಹಣ್ಣಾದವು ಉದುರುತ್ತವೆ, ಕಾಯಿ ಗಿಡದಲ್ಲೇ ಉಳಿಯುತ್ತದೆ. ಪಕ್ಕದ ಬೆಳೆಗೆ ಔಷಧಿ ಹೊಡೆದಿದ್ದಾರೆಯೇ ಎಂದು ಹೊಲದವರನ್ನು ಕೇಳಿಯೇ ಆರಿಸಬೇಕು.

ಒಂದು ಕಿಲೊ ಮುಳ್ಳುಬಾರಿಯನ್ನು ತೊಳೆದು, ಸಿಪ್ಪೆ ಸುಕ್ಕುಗಟ್ಟುವವರೆಗೆ ಎರಡು ದಿನ ಬಿಸಿಲಿಗೆ ಹಾಕಿ. ಒರಳಿನಲ್ಲಿ ಕುಟ್ಟುವಾಗ ಕೈ ಹಗುರವಾಗಿರಲಿ. ತಿರುಳು ಬಿಡಬೇಕು, ಬೀಜ ಒಡೆಯಬಾರದು. ಒಡೆದ ಬೀಜದ ಚೂರು ಹಲ್ಲಿಗೆ ಸಿಕ್ಕರೆ ಹಲ್ಲೇ ಹೋದೀತು. ಸರಿಯಾದ ಪೆಟ್ಟಿಗೆ ದಪ್ಪನೆಯ, ತೇವದ ಸದ್ದು ಬರುತ್ತದೆ. ಟಕ್ ಎಂದರೆ ಬೀಜಕ್ಕೆ ತಾಗಿತೆಂದು ಅರ್ಥ. ನನ್ನ ಅವ್ವ ಅಡುಗೆಮನೆಯಿಂದಲೇ ಆ ಸದ್ದು ಕೇಳಿ "ಮೆಲ್ಲಗೆ" ಎಂದು ಕೂಗುತ್ತಿದ್ದಳು. ಬೀಜ ಆರಿಸಿ ತೆಗೆದು, ತಿರುಳಿಗೆ ಕಾಲು ಕಿಲೊ ಬೆಲ್ಲ, ಎಂಟು ಒಣ ಮೆಣಸಿನಕಾಯಿ, ಒಂದು ಚಮಚ ಜೀರಿಗೆ, ರುಚಿಗೆ ಉಪ್ಪು ಸೇರಿಸಿ ಮತ್ತೆ ಕುಟ್ಟಿ. ಅಂಗೈಯಲ್ಲಿ ತಟ್ಟಿ ಸಣ್ಣ ಬಿಲ್ಲೆ ಮಾಡಿ, ಮೂರು ದಿನ ಒಣಗಿಸಿ, ಗಾಜಿನ ಭರಣಿಯಲ್ಲಿ ತುಂಬಿಡಿ. ಹುಣಸೆಯ ಚಿಗಳಿಗಿಂತ ಇದು ನಾಲಿಗೆಗೆ ಮೃದು. ಜ್ವರ ಬಿಟ್ಟು ಬಾಯಿ ಕೆಟ್ಟವರಿಗೆ ಒಂದು ಬಿಲ್ಲೆ ಕೊಟ್ಟು ನೋಡಿ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಟ್ಟು ಮಾಡಿಕೊಳ್ಳಲಿ. ಆರಿಸಿ ತೆಗೆದ ಬೀಜವನ್ನು ಚೆಲ್ಲಬೇಡಿ. ನೀರಲ್ಲಿ ಕಿವುಚಿ ಸೋಸಿ, ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಒಳ್ಳೆಯ ಸಾರು.

ಹಿತ್ತಲಲ್ಲಿ ಗಿಡ ಇದ್ದವರಿಗೆ ಇನ್ನೆರಡು ಮಾತು. ಹೋಳಿಯ ಬಳಿಕ ಬರುವ ನಮ್ಮೂರಿನ ಶರಣಬಸವೇಶ್ವರರ ಜಾತ್ರೆಯ ಹೊತ್ತಿಗೆ ಹಣ್ಣು ಮುಗಿಯುತ್ತದೆ, ಬಿಸಿಲು ಏರಿದಂತೆ ಎಲೆ ಉದುರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕೊಂಬೆಗಳನ್ನು ಧೈರ್ಯವಾಗಿ ಸವರಿ. ಬಾರಿ ಹಣ್ಣು ಬಿಡುವುದು ಆ ವರ್ಷ ಚಿಗುರಿದ ಹೊಸ ಕೊಂಬೆಯಲ್ಲಿ. ಗಿಡಕ್ಕೆ ನೋವಾದೀತೆಂದು ನಾನು ಮೂರು ವರ್ಷ ಸವರದೆ ಬಿಟ್ಟೆ; ಹಣ್ಣು ವರ್ಷದಿಂದ ವರ್ಷಕ್ಕೆ ಸಣ್ಣದಾಗಿ, ತುದಿಗೆ ಹೋಗಿ, ಹಕ್ಕಿಗಳಿಗಷ್ಟೇ ಸಿಕ್ಕಿತು. ಉದುರಿದ ಹುಳುಕು ಹಣ್ಣನ್ನು ದಿನವೂ ಆರಿಸಿ ಆಳವಾಗಿ ಹೂಳಿ, ಬೇಸಿಗೆಯಲ್ಲಿ ಬುಡದ ಮಣ್ಣನ್ನು ಅಗೆದು ಬಿಸಿಲಿಗೆ ತಿರುವಿ. ಹುಳು ಕೋಶ ಕಟ್ಟುವುದು ಆ ಮಣ್ಣಿನಲ್ಲೇ.

ಬದುವಿನ ಪೊದೆಗಳು ಮಾತ್ರ ನಮ್ಮ ಕಣ್ಣೆದುರೇ ಕಡಿಮೆಯಾಗುತ್ತಿವೆ. ಹೋದ ಬೇಸಿಗೆಯಲ್ಲಿ ಬದು ಸಾಪು ಮಾಡಲು ಜೆಸಿಬಿ ಬರುತ್ತದೆಂದು ಮಗ ಹೇಳಿದಾಗ, ಹಿಂದಿನ ದಿನವೇ ಹೊಲಕ್ಕೆ ಹೋಗಿ ಮೂಲೆಯ ಎರಡು ಪೊದೆಗಳಿಗೆ ಕೆಂಪು ಬಟ್ಟೆ ಕಟ್ಟಿ ಬಂದೆ. ಈ ವರ್ಷದ ಚಿಗಳಿ ಆ ಎರಡು ಪೊದೆಗಳದ್ದು.