ಅಳಿವೆಯಂಚಿನ ಊರಿನವರು ಜೀವವೈವಿಧ್ಯ ದಾಖಲಾತಿ ಬರೆಯುವ ಬಗೆ

ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ಮಾನ್ಯತೆ, ಸಿಕ್ಕಾಗ ಕುಮಟಾ ತಾಲೂಕಿನ ನಮಗೆಲ್ಲ ಹೆಮ್ಮೆಯಾಯಿತು. ಆದರೆ 4801 ಹೆಕ್ಟೇರಿನ ನಕ್ಷೆಯೊಂದೇ ಅಲ್ಲಿನ ಬಳಚನ್ನು (ತಿನ್ನುವ ಚಿಪ್ಪಿಕಲ್ಲನ್ನು) ಉಳಿಸಲಾರದು. ಯಾವ ಮೂಲೆಯಲ್ಲಿ ಏನು ಬೆಳೆಯುತ್ತದೆ, ಅದನ್ನು ಯಾರು, ಯಾವಾಗ ತೆಗೆಯುತ್ತಾರೆ ಎಂಬುದು ಸರ್ಕಾರದ ಕಡತದಲ್ಲಿ ಇರಬೇಕು. ಅದಕ್ಕೆ ದಾರಿ 2002ರ ಜೀವವೈವಿಧ್ಯ ಕಾಯ್ದೆಯಲ್ಲೇ ಇದೆ: ಪಂಚಾಯತಿಯ ಸಮಿತಿ ಊರಿನವರ ಜೊತೆ ಸೇರಿ ಬರೆಯುವ ಜನತಾ ಜೀವವೈವಿಧ್ಯ ದಾಖಲಾತಿ.

ಮೊದಲು ಪಂಚಾಯತಿಗೆ ಹೋಗಿ, ಜೀವವೈವಿಧ್ಯ ನಿರ್ವಹಣಾ ಸಮಿತಿ ಇದೆಯೇ ಎಂದು ಪಿಡಿಒ ಅವರನ್ನು ಲಿಖಿತವಾಗಿ ಕೇಳಿ. ಕಾಯ್ದೆಯ 41ನೇ ಕಲಮಿನಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಸಮಿತಿ ರಚಿಸಲೇಬೇಕು. ಅದು ಹೆಸರಿಗಷ್ಟೇ ಇದ್ದರೆ ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಿಜವಾಗಿ ನೀರಿಗಿಳಿಯುವವರನ್ನು ಸೇರಿಸಲು ಒತ್ತಾಯಿಸಿ. ಚಿಪ್ಪಿಕಲ್ಲು ತೆಗೆಯುವ ಹೆಂಗಸರಿಲ್ಲದ ಸಮಿತಿ ಅಳಿವೆಯ ಬಗ್ಗೆ ಏನು ಬರೆದೀತು?

ಜನತಾ ಜೀವವೈವಿಧ್ಯ ದಾಖಲಾತಿಗೆ ನಿಗದಿತ ನಮೂನೆಗಳಿವೆ. ಗಿಡ, ಮೀನು, ಹಕ್ಕಿಗಳ ಪಟ್ಟಿಯನ್ನು ಕಾಲೇಜಿನ ವಿದ್ಯಾರ್ಥಿಗಳ ನೆರವಿನಿಂದ ತುಂಬಿಸಬಹುದು. ನಿಮ್ಮ ಶ್ರಮವನ್ನು ಬಳಕೆಯ ವಿವರಕ್ಕೆ ಮೀಸಲಿಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ಇಳಿಯುತ್ತದೆ. ಆಗ ಬಳಚು ತೆಗೆಯುವವರ ಜೊತೆ ನಡೆಯಿರಿ. ಯಾವ ಗಾತ್ರದ್ದನ್ನು ಬಿಡುತ್ತಾರೆ, ಯಾವ ತಿಂಗಳು ಮುಟ್ಟುವುದಿಲ್ಲ, ಯಾವ ಜಾಗ ಈಗ ಖಾಲಿಯಾಗಿದೆ ಎಂದು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಸಾಧ್ಯವಾದರೆ ಮೊಬೈಲಿನಲ್ಲಿ ಆ ಸ್ಥಳದ ಗುರುತು ಹಾಕಿ.

ಗಜನಿಯನ್ನು, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಯನ್ನು, ತಿಂಗಳುವಾರು ಬರೆಯಿರಿ. ಇದನ್ನು ನಾನು ಹಟ ಹಿಡಿದು ಹೇಳುತ್ತೇನೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತವಿರುತ್ತದೆ. ಕೊಯ್ಲಿನ ನಂತರ ಒಡ್ಡಿನ ಹಲಗೆ ಬಾಗಿಲ ಮೂಲಕ ಉಬ್ಬರದ ನೀರು ಬಂದು ಸಿಗಡಿ, ಮೀನು ಬೆಳೆಯುತ್ತವೆ. ಬೇಸಿಗೆಯಲ್ಲೊಮ್ಮೆ ಬಂದು ಹೋಗುವ ಅಧಿಕಾರಿಯ ಕಣ್ಣಿಗೆ ಅದು ಪಾಳುಬಿದ್ದ ನೆಲ. ಪಾಳೆಂದು ಒಮ್ಮೆ ಬರೆಯಲಾದ ನೆಲವನ್ನು ಯೋಜನೆಗೆ ಕೇಳುವುದು ಸುಲಭ. ಹಲಗೆಯನ್ನು ಯಾರು ಎತ್ತುತ್ತಾರೆ, ಮೀನಿನ ಪಾಲು ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನೂ ಬಿಡಬೇಡಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನೂ ಒಡ್ಡಿನ ಬಳಿಯೇ ಗುರುತಿಸಿ, ಏಕೆಂದರೆ ಒಡ್ಡನ್ನು ಅಲೆಯಿಂದ ಕಾಯುವುದು ಅವೇ.

ಹವಾಯಿಯ ಉದಾಹರಣೆ ನನಗೆ ಧೈರ್ಯ ಕೊಡುತ್ತದೆ. ಅಲ್ಲಿಯೂ ಕಲ್ಲುಗೋಡೆ ಕಟ್ಟಿ, ಬಾಗಿಲಿಟ್ಟು ಸಮುದ್ರದ ಮರಿಮೀನುಗಳನ್ನು ಬೆಳೆಸುವ ಹಳೆಯ ಕೊಳಗಳಿವೆ. 1978ರಲ್ಲಿ ತಿದ್ದುಪಡಿಯಾದ ಅಲ್ಲಿನ ರಾಜ್ಯ ಸಂವಿಧಾನ ಮೂಲನಿವಾಸಿಗಳ ಜೀವನೋಪಾಯ, ಸಂಸ್ಕೃತಿ, ಧರ್ಮಕ್ಕೆ ಸೇರಿದ ಸಾಂಪ್ರದಾಯಿಕ ಹಕ್ಕುಗಳನ್ನು ಕಾಯುವ ಹೊಣೆಯನ್ನು ಸರ್ಕಾರಕ್ಕೇ ವಹಿಸಿದೆ. ಕವಾಯಿ ದ್ವೀಪದ ಹಾಎನಾ ಎಂಬಲ್ಲಿ ಊರಿನವರು ಸರ್ಕಾರದೊಂದಿಗೆ ವರ್ಷಗಟ್ಟಲೆ ಕುಳಿತು ರೂಪಿಸಿದ ಮೀನುಗಾರಿಕೆಯ ನಿಯಮಗಳು 2015ರಲ್ಲಿ ಕಾನೂನಾಗಿ ಜಾರಿಗೆ ಬಂದವು. ಊರಿನ ಕಟ್ಟಳೆ ಸರ್ಕಾರದ ಕಟ್ಟಳೆಯಾಗುವುದು ಸಾಧ್ಯ. ನಮ್ಮಲ್ಲಿಯೂ ಆಗಬೇಕು.

ಊರಿನ ದೈವಗಳಾದ ಚೌಡಿ, ಜಟಗನ ಬನಗಳನ್ನೂ ದಾಖಲಾತಿಗೆ ಸೇರಿಸಿ. ಎಲ್ಲೆ, ದೊಡ್ಡ ಮರಗಳು, ಅಲ್ಲಿ ಕಡಿಯಬಾರದೆಂಬ ಕಟ್ಟು, ಹಬ್ಬದ ದಿನ, ಇಷ್ಟು ಸಾಕು.

ಹಾಲಕ್ಕಿ ಸಮುದಾಯದ ನಾಟಿ ವೈದ್ಯರ ಮದ್ದಿನ ವಿಷಯದಲ್ಲಿ ಎಚ್ಚರವಿರಲಿ. ಗಿಡದ ಹೆಸರು ಬರೆಯಬಹುದು; ಮದ್ದು ಮಾಡುವ ವಿಧಾನವನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಬೇಡಿ. ಒಪ್ಪಿದರೂ ಅದು ಎಲ್ಲರೂ ನೋಡುವ ಪ್ರತಿಯಲ್ಲಿ ಬೇಡ. ಅದು ಆ ಮನೆತನದ ಸ್ವತ್ತು.

ಬರೆದದ್ದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ತಪ್ಪು ತೋರಿಸುವವರು ಸಿಗುತ್ತಾರೆ. ತಿದ್ದಿ, ಠರಾವು ಮಾಡಿಸಿ. ಒಂದು ಪ್ರತಿ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಹೋಗಲಿ, ಇನ್ನೊಂದು ಊರಿನಲ್ಲಿರಲಿ. ಮುಂದೆ ಯಾವುದಾದರೂ ಯೋಜನೆಗೆ ಪರಿಸರ ಅಹವಾಲು ಸಭೆ ಕರೆದರೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಹೊರಡಿಸಬೇಕು. ಆ ಅವಧಿಯಲ್ಲೇ ಸಂಬಂಧಿಸಿದ ಪುಟಗಳ ದೃಢೀಕೃತ ಪ್ರತಿಯನ್ನು ಆಕ್ಷೇಪಣೆಗೆ ಲಗತ್ತಿಸಿ ಸಲ್ಲಿಸಿ, ಮೊಹರು ಹಾಕಿದ ಸ್ವೀಕೃತಿ ಪಡೆದುಕೊಳ್ಳಿ.