ಕಿಲುಬಿಗೆ ಹುಳಿ ಸರಿ, ಹಸಿರು ಕಲ್ಲಿಗೆ ಬೇಡ

ತಾಮ್ರದ ಪಾತ್ರೆಯನ್ನು ತೊಳೆದು ಒರೆಸದೆ ಮೂಲೆಗೆ ಸೇರಿಸಿದರೆ ಕಂಠದ ಸಂದಿನಲ್ಲಿ ಕಿಲುಬು ಕಟ್ಟುತ್ತದೆ. ತೇವ, ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ತಾಮ್ರದೊಂದಿಗೆ ಸೇರಿ ಆ ಹಸಿರಾಗುತ್ತದೆ. ನಿಂಬೆರಸಕ್ಕೆ ಉಪ್ಪು ಬೆರೆಸಿ ಉಜ್ಜಿ, ಚೆನ್ನಾಗಿ ತೊಳೆದು, ಸಂದಿನೊಳಗೂ ಬಟ್ಟೆ ತೂರಿಸಿ ಒರೆಸಿ. ಉಜ್ಜುವುದಕ್ಕಿಂತ ಒರೆಸುವುದೇ ಮುಖ್ಯವಾದ ಕೆಲಸ, ಎಲ್ಲರೂ ಸೋಮಾರಿಗಳಾಗುವುದೂ ಅಲ್ಲೇ.

ಇದೇ ಉಪಾಯವನ್ನು ಮ್ಯಾಲಕೈಟ್ ಎಂಬ ಹಸಿರು ಕಲ್ಲಿನ ಸರಕ್ಕೋ ಡಬ್ಬಿಗೋ ಮಾಡಿದರೆ ಕೆಟ್ಟಿತು. ಕಿಲುಬಿನಂತೆ ಆ ಕಲ್ಲೂ ತಾಮ್ರದ ಕಾರ್ಬೊನೇಟೇ. ಹುಳಿ ತಾಗಿದಲ್ಲಿ ನೊರೆಯೆದ್ದು ಕರಗುತ್ತದೆ, ಹೊಳಪು ಹೋಗಿ ಮೈ ಮಂಕಾಗುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣವೂ ಅದಕ್ಕೆ ಆಗದು.

ನೆಲದಡಿ ಈ ಕಲ್ಲು ಕಟ್ಟಿಕೊಳ್ಳುವುದು ನಿಧಾನವಾಗಿ. ಗಂಧಕ ಸೇರಿದ ತಾಮ್ರದ ಅದಿರು ಮೇಲ್ಪದರದ ಹತ್ತಿರವಿದ್ದರೆ, ಇಂಗಿಳಿದ ಮಳೆನೀರು ಮತ್ತು ಗಾಳಿ ಅದನ್ನು ಕೊರೆದು ತಾಮ್ರವನ್ನು ಕರಗಿಸಿಕೊಳ್ಳುತ್ತವೆ. ಆ ನೀರಿಗೆ ಸುಣ್ಣಕಲ್ಲು ಎದುರಾದರೆ ಬಿರುಕುಗಳಲ್ಲಿ ಹಸಿರು ಪದರದ ಮೇಲೆ ಪದರ ಕೂರುತ್ತದೆ. ಕೊಯ್ದಾಗ ಕಾಣುವ ತಿಳಿ ಮತ್ತು ಗಾಢ ಹಸಿರಿನ ಬಳೆಗಳು ಆ ಪದರಗಳೇ. ಜೊತೆಯಲ್ಲೇ ಹುಟ್ಟುವ ಅಜುರೈಟ್ ಎಂಬ ನೀಲಿ ಕಲ್ಲು ಅಷ್ಟು ಗಟ್ಟಿ ಮನಸ್ಸಿನದಲ್ಲ, ತೇವ ಸಿಕ್ಕರೆ ಕ್ರಮೇಣ ಮ್ಯಾಲಕೈಟ್ ಆಗಿಬಿಡುತ್ತದೆ. ಹಳೆಯ ಭಿತ್ತಿಚಿತ್ರಗಳಲ್ಲಿ ಅಜುರೈಟ್ ಪುಡಿಯಿಂದ ಬಳಿದ ನೀಲಿ ಕೆಲವೆಡೆ ಹಸಿರಿಗೆ ತಿರುಗಿರುವುದಕ್ಕೆ ಇದೂ ಒಂದು ಕಾರಣ.

ಮ್ಯಾಲಕೈಟಿನ ಗಡಸುತನ 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ 3.5ರಿಂದ 4 ಮಾತ್ರ. ಮನೆಯ ಧೂಳಿನಲ್ಲಿರುವ ಮರಳಿನ ಕಣದ್ದು 7. ಆದ್ದರಿಂದ ಒಣಬಟ್ಟೆಯಿಂದ ತಿಕ್ಕಬೇಡಿ. ಮೊದಲು ಮೆದು ಕುಂಚದಿಂದ ಧೂಳು ಹಾರಿಸಿ, ಆಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಕೂಡಲೇ ಒಣಗಿಸಿ. ನೀರಿನಲ್ಲಿ ನೆನೆಹಾಕುವುದಂತೂ ಬೇಡವೇ ಬೇಡ. ದೊಡ್ಡ ವಸ್ತುಗಳು ಹೆಚ್ಚಾಗಿ ಇಡೀ ಕಲ್ಲಿನವಲ್ಲ, ತೆಳು ಬಿಲ್ಲೆಗಳನ್ನು ಅಂಟಿಸಿ ಮಾಡಿದವು, ನೆನೆದರೆ ಅಂಟು ಬಿಟ್ಟೀತು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಚಳಿಗಾಲದ ಅರಮನೆಯಲ್ಲಿರುವ ಮ್ಯಾಲಕೈಟ್ ಕೋಣೆಯ ಕಂಬಗಳೂ ಹಾಗೆಯೇ, ಮೇಲಿನ ಹಸಿರು ಉರಲ್ ಗಣಿಗಳಿಂದ ಬಂದ ತೆಳು ಹೊದಿಕೆ.

ಈ ಕಲ್ಲನ್ನು ಕುಡಿಯುವ ನೀರಿಗೆ ಹಾಕಿಡುವವರಿದ್ದಾರೆ. ದಯವಿಟ್ಟು ಬಿಡಿ, ಕರಗಿದ ತಾಮ್ರ ಹೊಟ್ಟೆಗೆ ಒಳ್ಳೆಯದಲ್ಲ. ಮಣಿ ಮುರಿದರೆ ಮನೆಯಲ್ಲೇ ಉಜ್ಜಿ ನುಣುಪು ಮಾಡಲೂ ಹೋಗಬೇಡಿ, ಆ ಪುಡಿ ಉಸಿರಿನೊಳಗೆ ಹೋಗಬಾರದು. ಕಲ್ಲು ಕೊಯ್ಯುವವರು ನೀರು ಹರಿಸಿಕೊಂಡು, ಮುಖಕವಚ ಹಾಕಿಕೊಂಡೇ ಆ ಕೆಲಸ ಮಾಡುತ್ತಾರೆ. ಅವರಿಗೇ ಕೊಡಿ.